ಅಂಗಿಯ ಅಚ್ಚಿಗೆ ಬಣ್ಣದ ಕೈಪಿಡಿ

ನವೆಂಬರ್ ತಿಂಗಳು ಬಂತೆಂದರೆ ಸುದ್ದಗುಂಟೆಪಾಳ್ಯದ ಬೀದಿಗಳಲ್ಲಿ ಹಳದಿ-ಕೆಂಪು ಅಚ್ಚೊತ್ತಿದ ಅಂಗಿಗಳು ಕಾಣತೊಡಗುತ್ತವೆ. ಮಾಡಿಸುವವರು "ಅರಿಶಿನ ಕುಂಕುಮದ ಬಣ್ಣವಿರಲಿ" ಎಂದಷ್ಟೇ ಹೇಳಿ ಮುಂಗಡ ಕೊಟ್ಟು ಬರುವುದುಂಟು. ಅರಿಶಿನವೆಂದರೆ ಯಾವುದು? ಹಸಿಕೊಂಬಿನದೋ, ಒಣಗಿಸಿ ಕುಟ್ಟಿದ ಪುಡಿಯದೋ? ಹೊಂಬಣ್ಣ, ಗಿಳಿಹಸಿರು, ನಸುಗೆಂಪು ಎಂದು ನಮ್ಮ ನುಡಿಯಲ್ಲಿ ಸೊಗಸಾದ ಮಾತುಗಳಿಗೇನೂ ಬರವಿಲ್ಲ. ಆದರೆ ಶಾಯಿ ಬೆರೆಸುವವನ ತಕ್ಕಡಿಗೆ ಬೇಕಾದದ್ದು ಅಂಕೆ. ರಾಷ್ಟ್ರಧ್ವಜದ ವಿಷಯದಲ್ಲಿ ಭಾರತೀಯ ಮಾನಕ ಸಂಸ್ಥೆಯು 1951ರಲ್ಲಿಯೇ ಮಾನಕವನ್ನು ಗೊತ್ತುಪಡಿಸಿತು; ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಿಸುವವರು ಕೂಡ ಆ ಮಾನಕಕ್ಕೆ ಬದ್ಧರು.

ಅಂಗಿಯ ಅಚ್ಚಿನವರು ಬಳಸುವ ಅಂಕೆಗಳು ಬಹುಮಟ್ಟಿಗೆ ಅಮೆರಿಕದ ಪ್ಯಾಂಟೋನ್ ಸಂಸ್ಥೆಯವು. ಲಾರೆನ್ಸ್ ಹರ್ಬರ್ಟ್ ಎಂಬವರು 1963ರಲ್ಲಿ ಈ ಪದ್ಧತಿಯನ್ನು ಹೊರತಂದರು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಈ ಕೈಪಿಡಿಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದು ಸಂಖ್ಯೆ, ಅದರ ಮುಂದೆ ಒಂದು ಅಕ್ಷರ. 'ಸಿ' ಎಂದರೆ ನುಣುಪು ಲೇಪದ ಕಾಗದ, 'ಯು' ಎಂದರೆ ಲೇಪವಿಲ್ಲದ್ದು. ಸಂಖ್ಯೆ ಒಂದೇ ಆದರೂ ಎರಡರಲ್ಲಿ ಬಣ್ಣ ಬೇರೆಯಾಗಿ ತೋರುವುದು. ಜಗಳಗಳು ಹುಟ್ಟುವುದು ಇಲ್ಲಿಯೇ. ಪ್ಲಾಸ್ಟಿಸಾಲ್ ಶಾಯಿ ಬಟ್ಟೆಯ ಮೇಲೆ ಪದರವಾಗಿ ನಿಲ್ಲುವುದರಿಂದ ಅದಕ್ಕೆ 'ಸಿ' ಕೈಪಿಡಿಯೇ ಸಾಮಾನ್ಯ ರೂಢಿ. ನೀರಿನ ಶಾಯಿ ನೂಲಿನೊಳಗೆ ಇಳಿಯುತ್ತದೆ. ಅದರ ನೋಟ ಮಂಕಾಗಿ 'ಯು'ವಿಗೆ ಹತ್ತಿರವಾಗುವುದುಂಟು. ಹತ್ತಿಬಟ್ಟೆಯ ತುಣುಕುಗಳಿರುವ ಕೈಪಿಡಿಯೂ ಇದೆ. ಅದು ಬಟ್ಟೆಗೆ ಬಣ್ಣ ಹಾಕುವವರ ಉಪಯೋಗಕ್ಕೆ, ಶಾಯಿಗಲ್ಲ. ಹೆಸರು ಕೇಳಿ ಮರುಳಾಗಿ ಅದನ್ನೇ ಕೊಳ್ಳಬಾರದು.

ಕೈಪಿಡಿಯ ಬೆಲೆ ಕಡಿಮೆಯೇನಲ್ಲ. ಗಿರಾಕಿಗೆ ಅದರ ಹಂಗು ಬೇಡ; ಅಂಗಡಿಯವರದನ್ನೇ ಬಿಚ್ಚಿ ನೋಡಿದರೆ ಸಾಕು. ಆದರೆ ಅದು ಯಾವ ವರ್ಷದ್ದೆಂದು ಕೇಳತಕ್ಕದ್ದು. ಬೆಳಕಿಗೂ ಕೈಯ ಜಿಡ್ಡಿಗೂ ಕಾಗದ ಮಾಸುವುದರಿಂದ ಒಂದು-ಒಂದೂವರೆ ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ತಯಾರಕರ ಸಲಹೆ. (ತಯಾರಕರಿಗೆ ಅದರಲ್ಲಿ ಲಾಭವುಂಟೆಂಬುದೂ ನಿಜವೇ.) ನೋಡುವಾಗ ಟ್ಯೂಬ್‌ಲೈಟಿನ ಕೆಳಗೆ ನಿಲ್ಲದೆ ಬಾಗಿಲಾಚೆ ಹಗಲಿನ ನೆರಳಿಗೆ ಬನ್ನಿ. ಒಂದು ಬೆಳಕಿನಲ್ಲಿ ಕೂಡಿಬಂದ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಬಲ್ಲವು. ಮೊಬೈಲಿನ ತೆರೆ ತಾನೇ ಬೆಳಗುವ ವಸ್ತು. ಅದರಲ್ಲಿ ಕಂಡ ಬಣ್ಣಕ್ಕೆ ಶಾಯಿಯನ್ನು ಹೊಣೆಮಾಡುವುದು ನ್ಯಾಯವಲ್ಲ.

ಕೈಪಿಡಿಯ ಕಾಗದ ಬಿಳಿ, ಅಂಗಿ ಬಿಳಿಯಾಗಿರಬೇಕೆಂದಿಲ್ಲವಷ್ಟೆ. ಕಪ್ಪು ಅಂಗಿಯ ಮೇಲೆ ಹಳದಿಯನ್ನು ನೇರವಾಗಿ ಒತ್ತಿದರೆ ಹಸುರು ಛಾಯೆ ಹಿಡಿದು ಮಂಕಾಗುತ್ತದೆ. ಮೊದಲು ಬಿಳಿಯ ತಳಪದರ ಹಾಕಿಸಬೇಕು. ಅದಕ್ಕೆ ಖರ್ಚು ಹೆಚ್ಚು. ಕೆಂಪು ಪಾಲಿಯೆಸ್ಟರ್ ಅಂಗಿಯದು ಬೇರೆಯೇ ತಂಟೆ. ಪ್ಲಾಸ್ಟಿಸಾಲನ್ನು ಗಟ್ಟಿಗೊಳಿಸಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟಾಗ ಬಟ್ಟೆಯ ಬಣ್ಣವೇ ಮೇಲೇರಿ, ಅಂಗಡಿಯಲ್ಲಿ ಬೆಳ್ಳಗಿದ್ದ ಅಕ್ಷರ ಮನೆಯಲ್ಲಿ ಎರಡು ದಿನದೊಳಗೆ ಗುಲಾಬಿಯಾಗಬಹುದು. ಇದಕ್ಕೆ ತಡೆಯೊಡ್ಡುವ ಶಾಯಿಗಳಿವೆ.

ಆದಕಾರಣ ಇನ್ನೂರು ಅಂಗಿಗಳ ಹಣ ತೆರುವ ಮುನ್ನ ಅದೇ ಬಟ್ಟೆಯ ಮೇಲೆ, ಅದೇ ಶಾಯಿಯಿಂದ ಒಂದು ಮಾದರಿ ಒತ್ತಿಸಿ, ಎರಡು ದಿನ ಬಿಟ್ಟು ನೋಡಿ. ಒಪ್ಪಿಗೆಯಾದರೆ ಸಂಖ್ಯೆಯನ್ನೂ 'ಸಿ' ಅಥವಾ 'ಯು' ಅಕ್ಷರವನ್ನೂ ರಸೀತಿಯಲ್ಲಿಯೇ ಬರೆಸಿಕೊಳ್ಳಿ. ಮಾದರಿಯನ್ನು ಬಿಸಿಲು ತಾಗದ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಮುಂದಿನ ವರ್ಷದ ಅಂಗಿಗಳಿಗೂ ಒದಗುವುದು.