ಕೆಲಸ ಮುಗಿದಿದೆ, ಕಾಗದ ಎಲ್ಲಿದೆ?

ನಂದಿದುರ್ಗ ಗಣಿಯ ಸುತ್ತಲ ಕಾಲೊನಿಗಳಿಂದ ಹೊರಟು ರಾಬರ್ಟ್‌ಸನ್‌ಪೇಟೆ ದಾಟಿ ಬಂಗಾರಪೇಟೆಯ ಜಂಕ್ಷನ್ ಮುಟ್ಟುವಷ್ಟರಲ್ಲಿ ಕಾಂಟ್ರಾಕ್ಟರೊಬ್ಬರು ನಾಲ್ಕು ಬೇರೆ ಬೇರೆ ಖಜಾನೆಗಳನ್ನು ಹಾದುಬಂದಿರುತ್ತಾರೆ. ಊರೊಳಗಿನ ಚರಂಡಿಯ ಹಣ ನಗರಸಭೆಯದು. ದೊಡ್ಡ ರಸ್ತೆಯದು ಲೋಕೋಪಯೋಗಿ ಇಲಾಖೆಯದು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಮತ್ತು 2001ರ ಫೆಬ್ರುವರಿ 28ರಂದು ಕೆಲಸ ನಿಲ್ಲಿಸಿದ ಭಾರತ್ ಗೋಲ್ಡ್ ಮೈನ್ಸ್ ಕೇಂದ್ರದ ಕಂಪನಿಗಳು. ಜಂಕ್ಷನ್ ರೈಲ್ವೆಯ ಸ್ವತ್ತು. ಸಿಮೆಂಟು ಒಂದೇ, ಜಲ್ಲಿ ಒಂದೇ, ಕೆಲಸದವರೂ ಅವರೇ. ಆದರೆ ಹಣ ಯಾರದು ಎಂಬುದರ ಮೇಲೆ ಕಾನೂನು ಬದಲಾಗುತ್ತದೆ, ತಕರಾರು ಬಂದಾಗ ತಟ್ಟಬೇಕಾದ ಬಾಗಿಲೂ ಬದಲಾಗುತ್ತದೆ. ಟೆಂಡರ್ ಫಾರಂ ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ರಾಜ್ಯದ ಹಣವಾದರೆ ಅನ್ವಯವಾಗುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಎಲ್ಲರ ಬಾಯಲ್ಲಿ ಕೆಟಿಪಿಪಿ. 2000ದ ಅಕ್ಟೋಬರ್ 4ರಿಂದ ಜಾರಿಯಲ್ಲಿದೆ. ಇಲಾಖೆ, ನಗರಸಭೆ, ಪಂಚಾಯಿತಿ, ರಾಜ್ಯದ ನಿಗಮಗಳು ಎಲ್ಲವೂ ಇದರ ಅಡಿ ಬರುತ್ತವೆ. ಬಿಇಎಂಎಲ್‌ಗೆ, ರೈಲ್ವೆಗೆ ಇದು ಅನ್ವಯಿಸುವುದಿಲ್ಲ. ಬಿಇಎಂಎಲ್ ಟೆಂಡರ್ ಕೈತಪ್ಪಿತೆಂದು ಕೆಟಿಪಿಪಿ ಅಡಿ ಮೇಲ್ಮನವಿ ಬರೆದರೆ ಬರೆದ ಶ್ರಮವಷ್ಟೇ ಉಳಿದೀತು.

ಈ ಕಾಯ್ದೆಯಲ್ಲಿ ಕಾಂಟ್ರಾಕ್ಟರ್ ಬಾಯಿಪಾಠ ಮಾಡಿಕೊಳ್ಳಬೇಕಾದ ಕಲಮು 16ನೆಯದು. ಟೆಂಡರ್ ಯಾರಿಗೆ ಎಂದು ತೀರ್ಮಾನಿಸಿದ ಆದೇಶದಿಂದ ಅನ್ಯಾಯವಾಯಿತು ಎನಿಸಿದರೆ, ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಕಚೇರಿಗೆ ಹತ್ತು ಸಲ ಅಲೆದು, ‘ಸಾಹೇಬರು ನೋಡ್ತೀನಿ ಅಂದಿದ್ದಾರೆ’ ಎಂದು ಕಾಯುವುದರಲ್ಲಿ ಆ 30 ದಿನ ಕಳೆದುಹೋಗುತ್ತದೆ. ತಡಕ್ಕೆ ಕಾರಣ ಕೊಟ್ಟು ಕೇಳಿಕೊಳ್ಳಬಹುದು, ಆದರೆ ಅಷ್ಟರಲ್ಲಿ ಇನ್ನೊಬ್ಬರು ಪಾಯ ತೋಡಿರುತ್ತಾರೆ. ಟೆಂಡರಿನ ಷರತ್ತೇ ಒಬ್ಬರಿಗೆಂದು ಹೊಲಿದ ಅಂಗಿಯಂತೆ ಕಂಡರೆ ಫಲಿತಾಂಶದವರೆಗೆ ಕಾಯಲೇಬಾರದು. ಬಿಡ್ ಪೂರ್ವ ಸಭೆಯಲ್ಲಿ ಬರಹದಲ್ಲಿ ಆಕ್ಷೇಪ ದಾಖಲಿಸಿ, ಬೇಕಿದ್ದರೆ ಆಗಲೇ ಹೈಕೋರ್ಟಿಗೆ ಹೋಗಬೇಕು. ಷರತ್ತು ಒಪ್ಪಿ ಟೆಂಡರ್ ಹಾಕಿ, ಸೋತ ಮೇಲೆ ಷರತ್ತನ್ನು ದೂರಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಕಿವಿಗೊಡುವುದಿಲ್ಲ. 1994ರ ಟಾಟಾ ಸೆಲ್ಯುಲಾರ್ ತೀರ್ಪಿನಿಂದ ಈಚೆಗೆ ಸುಪ್ರೀಂ ಕೋರ್ಟ್ ಹಿಡಿದಿರುವ ದಾರಿ ಒಂದೇ: ತೀರ್ಮಾನಕ್ಕೆ ಬಂದ ರೀತಿ ಸರಿಯಿತ್ತೇ ಎಂದಷ್ಟೇ ನೋಡುತ್ತದೆ, ಯಾರಿಗೆ ಕೊಟ್ಟರೆ ಚೆನ್ನಾಗಿತ್ತು ಎಂದು ತೂಗುವುದಿಲ್ಲ.

ಕೆಜಿಎಫ್ ಮತ್ತು ಬಂಗಾರಪೇಟೆ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿನ ಎಷ್ಟೋ ಗಣಿ ಕಾರ್ಮಿಕರ ಮನೆಯ ಮಕ್ಕಳಿಗೆ ಕಾಯ್ದೆಯ 6ನೇ ಕಲಮಿಗೆ ಬಂದ ತಿದ್ದುಪಡಿ ನಿಜವಾದ ಬಾಗಿಲು. ನಿಗದಿತ ಮಿತಿಯೊಳಗಿನ ಕಾಮಗಾರಿಗಳ ಸಂಖ್ಯೆಯಲ್ಲಿ ಶೇ 17.15 ಪರಿಶಿಷ್ಟ ಜಾತಿಯ, ಶೇ 6.95 ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲು. 50 ಲಕ್ಷ ರೂಪಾಯಿ ಇದ್ದ ಮಿತಿ ಮುಂದೆ 1 ಕೋಟಿಗೆ ಏರಿತು. ಈ ಬಾಗಿಲಲ್ಲಿ ಒಂದು ಹಳ್ಳವಿದೆ. ಲೈಸೆನ್ಸ್ ತಮ್ಮದು, ಕೆಲಸ ಬೇರೆಯವರದು ಎಂಬ ಹೊಂದಾಣಿಕೆ. ಹೆಸರು ಕೊಟ್ಟವರಿಗೆ ಸಿಗುವುದು ಚಿಲ್ಲರೆ, ಮೇಲೆ ಬೀಳುವುದು ಪೂರ್ತಿ ಹೊರೆ. ರಸ್ತೆ ಕಿತ್ತುಬಂದರೆ ನೋಟಿಸು, ಕೂಲಿಯವರ ಪಿಎಫ್ ಕಟ್ಟದಿದ್ದರೆ ವಸೂಲಿ, ಕಪ್ಪುಪಟ್ಟಿ ಎಲ್ಲವೂ ಬರುವುದು ಲೈಸೆನ್ಸ್ ಇದ್ದವರ ಹೆಸರಿಗೆ. ಒಳಒಪ್ಪಂದ ತೋರಿಸಿ ತಪ್ಪಿಸಿಕೊಳ್ಳಲು ಹೋದರೆ ಆ ಕಾಗದವೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ.

ಇನ್ನು ನನಗೆ ಅತ್ಯಂತ ಸಂಕಟ ತರುವ ವಿಷಯಕ್ಕೆ ಬರುತ್ತೇನೆ: ಕಾರ್ಯಾದೇಶ, ಅಂದರೆ ವರ್ಕ್ ಆರ್ಡರ್ ಇಲ್ಲದೆ ಮಾಡಿದ ಕೆಲಸ. ಹಬ್ಬಕ್ಕೆ ಮುಂಚೆ ರಸ್ತೆ ಆಗಬೇಕು, ಮಂತ್ರಿ ಬರುವ ಮುಂಚೆ ಕಟ್ಟಡಕ್ಕೆ ಸುಣ್ಣ ಆಗಬೇಕು. ‘ಶುರು ಮಾಡಪ್ಪ, ಆರ್ಡರ್ ಹಿಂದೆ ಬರುತ್ತೆ’ ಎನ್ನುತ್ತಾರೆ. ಮುಂದಿನ ಕೆಲಸ ತಪ್ಪೀತೆಂಬ ಭಯಕ್ಕೆ ಸಣ್ಣ ಕಾಂಟ್ರಾಕ್ಟರ್ ಹೆಂಡತಿಯ ಒಡವೆ ಅಡವಿಟ್ಟು ಶುರು ಮಾಡುತ್ತಾರೆ. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯ ವಸತಿಗೃಹದಲ್ಲಿ ಜೀವ ಕಳೆದುಕೊಂಡಾಗ ರಾಜ್ಯವೆಲ್ಲ ಕಮಿಷನ್ ಬಗ್ಗೆ ಮಾತಾಡಿತು, ಮಾತಾಡಲೇಬೇಕಿತ್ತು. ಅದರ ಸದ್ದಿನಲ್ಲಿ ಇನ್ನೊಂದು ಸಂಗತಿ ಮರೆಗೆ ಸರಿಯಿತು. ಬೆಳಗಾವಿ ಬಳಿಯ ಹಿಂಡಲಗಾದಲ್ಲಿ ಅವರು ಮಾಡಿಸಿದ್ದಾಗಿ ಹೇಳಿದ ಕೆಲಸಗಳಿಗೆ ಕಾರ್ಯಾದೇಶವೇ ಇರಲಿಲ್ಲ ಎಂಬುದು ಸರ್ಕಾರದ ಕಡೆಯ ಉತ್ತರವಾಗಿತ್ತು.

ಅಂಥ ಉತ್ತರಕ್ಕೆ ಕಾನೂನಿನ ಬಲವಿದೆ. ಸಂವಿಧಾನದ 299ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದ ಅಧಿಕಾರಿಯ ಸಹಿಯೊಂದಿಗೆ ಬರಹದಲ್ಲಿ ಆಗಬೇಕು. ಎಂಜಿನಿಯರ್ ಫೋನಿನಲ್ಲಿ ಹೇಳಿದ್ದು ಕರಾರಾಗುವುದಿಲ್ಲ. ಹಾಗಿದ್ದರೆ ಸುರಿದ ಹಣ ಮಣ್ಣುಪಾಲೇ? ಪೂರ್ತಿ ಹಾಗಲ್ಲ. 1944ರ ಬಂಗಾಳದಲ್ಲಿ ಬಿ.ಕೆ. ಮಂಡಲ್ ಎಂಬ ಸಂಸ್ಥೆ ನಾಗರಿಕ ಸರಬರಾಜು ಇಲಾಖೆಯವರ ಮಾತಿನ ಮೇಲೆ ಉಗ್ರಾಣ, ಕಚೇರಿ, ಅಡುಗೆಮನೆ ಕಟ್ಟಿಕೊಟ್ಟಿತು. ಇಲಾಖೆ ಎಲ್ಲವನ್ನೂ ಬಳಸಿತು, ದುಡ್ಡು ಕೊಡಲಿಲ್ಲ. 1961ರಲ್ಲಿ ಸುಪ್ರೀಂ ಕೋರ್ಟ್ ಕರಾರು ಕಾಯ್ದೆಯ 70ನೇ ಕಲಮಿನ ಮೇಲೆ ಆ ಸಂಸ್ಥೆಯ ಪರವಾಗಿ ತೀರ್ಪಿತ್ತಿತು: ಪುಕ್ಕಟೆ ಎಂಬ ಉದ್ದೇಶವಿಲ್ಲದೆ, ಕಾನೂನುಬದ್ಧವಾಗಿ ಮಾಡಿದ ಕೆಲಸದ ಫಲವನ್ನು ಇನ್ನೊಬ್ಬರು ಅನುಭವಿಸಿದರೆ ಅದರ ಬೆಲೆ ಕೊಡಬೇಕು. ಆದರೆ ಇಲ್ಲಿ ಸಿಗುವುದು ಟೆಂಡರ್ ದರವಲ್ಲ, ಕೋರ್ಟು ಒಪ್ಪುವ ನ್ಯಾಯವಾದ ಬೆಲೆ ಮಾತ್ರ. ಕೆಲಸ ಯಾರು ಹೇಳಿದರು, ಎಷ್ಟು ಆಯಿತು, ಯಾರು ಬಳಸುತ್ತಿದ್ದಾರೆ ಎಂಬುದನ್ನೆಲ್ಲ ಕಾಂಟ್ರಾಕ್ಟರೇ ಸಾಬೀತು ಮಾಡಬೇಕು. ಆದ್ದರಿಂದ ‘ಶುರು ಮಾಡಪ್ಪ’ ಎಂದವರಿಗೆ ಅಂದೇ ಸಂಜೆ ಒಂದು ಪತ್ರ ಬರೆದು, ‘ತಮ್ಮ ಸೂಚನೆಯಂತೆ ಇಂಥ ಕೆಲಸ ಆರಂಭಿಸುತ್ತಿದ್ದೇನೆ, ಕಾರ್ಯಾದೇಶ ಕೊಡಿ’ ಎಂದು ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಪತ್ರ ಪಡೆಯಲು ಹಿಂಜರಿದರೆ ಕೆಲಸ ಶುರು ಮಾಡಬೇಡಿ.

ಟೆಂಡರ್ ಇಲ್ಲದೆ ಕಾನೂನುಬದ್ಧವಾಗಿಯೇ ಕೆಲಸ ಕೊಡುವ ದಾರಿಯೂ ಇದೆ. ಕೆಟಿಪಿಪಿ ಕಾಯ್ದೆಯಲ್ಲಿ 4(ಜಿ) ಎಂದೇ ಹೆಸರಾದ ವಿನಾಯಿತಿ ಅದು. ಹಿಂದಿನ ಭೂಸೇನಾ ನಿಗಮ, ಈಗಿನ ಕೆಆರ್‌ಐಡಿಎಲ್‌ನಂಥ ಸಂಸ್ಥೆಗಳಿಗೆ ಸರ್ಕಾರ ಹೀಗೆ ನೇರವಾಗಿ ಕಾಮಗಾರಿ ವಹಿಸುತ್ತದೆ. ಅವುಗಳ ಹಿಂದೆ ನಿಂತು ಕೆಲಸ ಮಾಡುವವರು ಟೆಂಡರಿನಲ್ಲಿ ಗೆದ್ದವರಲ್ಲ, ಆದ್ದರಿಂದ 16ನೇ ಕಲಮು ಅವರ ನೆರವಿಗೆ ಬರುವುದಿಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಂಥ ಕೆಲಸಗಳಲ್ಲಿ ದೊಡ್ಡ ಕಂಪನಿಗೆ ಮಣ್ಣು, ಜಲ್ಲಿ, ಟಿಪ್ಪರ್ ಒದಗಿಸುವವರ ಸ್ಥಿತಿಯೂ ಇದೇ. ಅವರ ಕರಾರು ಕಂಪನಿಯ ಜೊತೆ, ಹೆದ್ದಾರಿ ಪ್ರಾಧಿಕಾರದ ಜೊತೆ ಅಲ್ಲ. ಕಂಪನಿ ಕೈ ಎತ್ತಿದರೆ ಪ್ರಾಧಿಕಾರದ ಮುಂದೆ ಧರಣಿ ಕೂರಬಹುದು, ದಾವೆ ನಿಲ್ಲುವುದು ಕಷ್ಟ.

ಕೇಂದ್ರದ ಕಂಪನಿಗಳಿಗೆ ಬಿಡಿಭಾಗ, ಸೇವೆ ಒದಗಿಸುವ ಸಣ್ಣ ವರ್ಕ್‌ಶಾಪ್‌ಗಳ ಕೈಯಲ್ಲಿ ಬೇರೊಂದು ಬಲವಾದ ಅಸ್ತ್ರವಿದೆ. ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ಘಟಕಗಳಿಗೆ ಇಎಂಡಿ, ಅಂದರೆ ಟೆಂಡರ್ ಠೇವಣಿಯಿಂದ ವಿನಾಯಿತಿ ಉಂಟು. ಕೇಂದ್ರದ ಸಂಸ್ಥೆಗಳು ವರ್ಷದ ಖರೀದಿಯಲ್ಲಿ ಶೇ 25ರಷ್ಟನ್ನು ಇಂಥವರಿಂದ ಪಡೆಯಬೇಕು, ಅದರೊಳಗೆ ಶೇ 4 ಪರಿಶಿಷ್ಟರ ಘಟಕಗಳಿಂದ, ಶೇ 3 ಮಹಿಳೆಯರ ಘಟಕಗಳಿಂದ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಹಣ 45 ದಿನ ಮೀರಿ ತಡೆಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಸಾರುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಈ ಕಾಯ್ದೆಯಡಿ ಬಂದ ತೀರ್ಪನ್ನು ಪ್ರಶ್ನಿಸಲು ಹೋಗುವ ಖರೀದಿದಾರರು ಮೊದಲು ಶೇ 75 ಹಣ ಠೇವಣಿ ಇಡಬೇಕು. ಎರಡು ಎಚ್ಚರ ಬೇಕು. ಕರಾರಿಗೆ ಮುಂಚೆಯೇ ನೋಂದಣಿ ಆಗಿರಲಿ, ಬಿಲ್ ನಿಂತ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಬಾಕಿಗೆ ನೆರವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಹಾಗೆಯೇ ಕಟ್ಟಡ, ರಸ್ತೆಯಂಥ ಕಾಮಗಾರಿಗಳು ಈ ಕಾಯ್ದೆಯ ನೆರಳಿಗೆ ಬರುವುದಿಲ್ಲ ಎಂದು ಕೆಲವು ಹೈಕೋರ್ಟುಗಳು ತೀರ್ಮಾನಿಸಿವೆ.

ಬಿಲ್ಲಿನ ಹಂತದಲ್ಲಿ ಎಲ್ಲಕ್ಕೂ ಆಧಾರ ಅಳತೆ ಪುಸ್ತಕ, ಸೈಟಿನ ಮಾತಿನಲ್ಲಿ ಎಂಬಿ. ಅಂದಾಜು ಪಟ್ಟಿಯಲ್ಲಿ ಇಲ್ಲದ ಹೆಚ್ಚುವರಿ ಕೆಲಸ ಎಂಬಿಗೆ ಏರದಿದ್ದರೆ ಅದು ಆಗಲೇ ಇಲ್ಲ ಎಂದೇ ಲೆಕ್ಕ. ಪಾಯ ಮುಚ್ಚುವ ಮೊದಲು, ಪೈಪಿನ ಮೇಲೆ ಮಣ್ಣು ಎಳೆಯುವ ಮೊದಲು ಅಳತೆ ಬರೆಸಬೇಕು. ತೆರಿಗೆಯ ಸಾಲನ್ನೂ ನೋಡಿ. ಸರ್ಕಾರಿ ಕಾಮಗಾರಿಗಳ ಮೇಲಿನ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 12ರಿಂದ 18ಕ್ಕೆ ಏರಿದಾಗ, ಹಳೆಯ ದರಕ್ಕೆ ಟೆಂಡರ್ ಹಿಡಿದಿದ್ದವರ ಲಾಭ ಅಲ್ಲೇ ಕರಗಿತು. ವ್ಯತ್ಯಾಸವನ್ನು ಯಾರು ಭರಿಸಬೇಕು ಎಂಬುದಕ್ಕೆ ಉತ್ತರ ಕರಾರಿನ ಒಂದು ಸಾಲಿನಲ್ಲಿರುತ್ತದೆ.

ಕೊನೆಯ ಬಿಲ್ ಕೊಡುವಾಗ ‘ಇನ್ನೇನೂ ಬಾಕಿಯಿಲ್ಲ’ ಎಂದು ಬರೆಸಿಕೊಳ್ಳುವ ರೂಢಿ ಇದೆ. ಒತ್ತಾಯದಿಂದ ಬರೆಸಿಕೊಂಡದ್ದಾದರೆ ಅದು ಹಕ್ಕನ್ನು ಮುಗಿಸುವುದಿಲ್ಲ ಎಂದು ಬೋಘರಾ ಪಾಲಿಫ್ಯಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒತ್ತಾಯವಿತ್ತೆಂದು ಎರಡು ವರ್ಷದ ನಂತರ ಹೇಳಿದರೆ ನಂಬುವವರಿಲ್ಲ. ಚೆಕ್ ಕೈಗೆ ಬಂದ ಮರುದಿನವೇ ಆಕ್ಷೇಪದ ಪತ್ರ ಹೋಗಬೇಕು.

ಕಪ್ಪುಪಟ್ಟಿಯ ಬೆದರಿಕೆ ಬಂದರೆ ಹೆದರಿ ಸುಮ್ಮನಾಗಬೇಡಿ. ನೋಟಿಸು ಕೊಡದೆ, ಅಹವಾಲು ಕೇಳದೆ ಕಪ್ಪುಪಟ್ಟಿಗೆ ಸೇರಿಸುವಂತಿಲ್ಲವೆಂಬುದು 1974ರಿಂದ ಬಂದ ಕಾನೂನು. ಆ ನೋಟಿಸಿನಲ್ಲಿ ಕಪ್ಪುಪಟ್ಟಿಯ ಪ್ರಸ್ತಾಪ ಸ್ಪಷ್ಟವಾಗಿರಬೇಕು ಎಂದು 2014ರ ಗೂರ್ಖಾ ಸೆಕ್ಯುರಿಟಿ ತೀರ್ಪು ಸೇರಿಸಿದೆ. ಮಧ್ಯಸ್ಥಿಕೆಯ ಷರತ್ತು ಇದ್ದರೆ, ಮಧ್ಯಸ್ಥರನ್ನು ಇಲಾಖೆಯೊಂದೇ ನೇಮಿಸುವ ಏರ್ಪಾಡು ಸಮಾನತೆಗೆ ವಿರುದ್ಧ ಎಂದು 2024ರ ನವೆಂಬರ್ 8ರಂದು ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಸಿವಿಲ್ ದಾವೆಯಾದರೆ ಸರ್ಕಾರಕ್ಕೆ ಮೊದಲು ಎರಡು ತಿಂಗಳ ನೋಟಿಸು ಕೊಡಬೇಕು, ಬಾಕಿಯ ದಾವೆಗೆ ಕಾಲಮಿತಿ ಮೂರು ವರ್ಷ. ‘ಅನುದಾನ ಬಂದಿಲ್ಲ’ ಎಂಬ ಮಾತು ಕೇಳುತ್ತ ಕುಳಿತರೆ ಆ ಗಡಿಯಾರ ನಿಲ್ಲುವುದಿಲ್ಲ. ಬಾಕಿ ಉಂಟೆಂದು ಅಧಿಕಾರಿ ಸಹಿ ಹಾಕಿ ಬರೆದುಕೊಟ್ಟ ಒಂದು ಪತ್ರ, ಅವಧಿ ಮುಗಿಯುವ ಮೊದಲು ಸಿಕ್ಕರೆ, ಅಂದಿನಿಂದ ಮತ್ತೆ ಮೂರು ವರ್ಷ ಎಣಿಕೆಯಾಗುತ್ತದೆ.