ಗಣಕಕ್ಕೆ ಗಣಕವೇ ಲಿಪಿಕಾರ

ಕೆಲಸ ಹಿಂದೆ ಬಿದ್ದರೆ ಇನ್ನಷ್ಟು ಆಳುಗಳನ್ನು ಹಚ್ಚುವುದು ಲೋಕರೂಢಿ. ಹೊಲದ ಕಳೆಗೋ ಮದುವೆಯ ಅಡಿಗೆಗೋ ಈ ಉಪಾಯ ಸಲ್ಲುತ್ತದೆ. ಗಣಕಯಂತ್ರದ ತಂತ್ರಾಂಶ ರಚನೆಗೆ ಮಾತ್ರ ಸಲ್ಲದೆಂದು, ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ ಅಂಥ ಮಹಾಕಾರ್ಯವೊಂದನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಬರೆದರು. ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂಬುದು ಅವರ ಅನುಭವ. ಹಳಬರು ಹೊಸಬರಿಗೆ ಪಾಠ ಹೇಳಬೇಕು, ಪ್ರತಿಯೊಬ್ಬರೂ ಉಳಿದವರೊಡನೆ ಸಮಾಲೋಚಿಸಬೇಕು. ಹೊತ್ತೆಲ್ಲ ಅದಕ್ಕೇ ಸಂದುಹೋಗುತ್ತದೆ.

ಈಗ ಆ ಕಚೇರಿಗಳಿಗೆ ಊಟ ನಿದ್ರೆಗಳ ಹಂಗಿಲ್ಲದ ಹೊಸ ಆಳೊಂದು ಬಂದಿದೆ. ಅದುವೇ ಕೃತಕ ಬುದ್ಧಿಮತ್ತೆ. ಆಗಬೇಕಾದ ಕೆಲಸವನ್ನು ಆಡುಮಾತಿನಲ್ಲಿ ತಿಳಿಸಿದರೆ ಸಾಕು, ಗಣಕಕ್ಕೆ ಬೇಕಾದ ಆಜ್ಞೆಗಳನ್ನು, ಎಂದರೆ ಕೋಡನ್ನು, ಅದು ನೂರಾರು ಸಾಲುಗಳಲ್ಲಿ ಬರೆದುಕೊಡುತ್ತದೆ. ಗೂಗಲ್ ಸಂಸ್ಥೆಯ ಹೊಸ ಕೋಡಿನಲ್ಲಿ ಕಾಲು ಪಾಲಿಗೂ ಹೆಚ್ಚು ಯಂತ್ರರಚಿತವೆಂದು ಸುಂದರ್ ಪಿಚೈ 2024ರ ಅಕ್ಟೋಬರಿನಲ್ಲಿ ತಿಳಿಸಿದರು. ಎಂಜಿನಿಯರುಗಳು ಅದನ್ನು ಪರಿಶೀಲಿಸಿ ಒಪ್ಪುತ್ತಾರೆಂಬ ಮಾತನ್ನೂ ಜೊತೆಗೇ ಸೇರಿಸಿದರು. ಮರ್ಮವೆಲ್ಲ ಈ ಎರಡನೆಯ ಮಾತಿನಲ್ಲಿದೆ.

2025ರಲ್ಲಿ ಅಮೆರಿಕದ ಎಂ.ಇ.ಟಿ.ಆರ್. ಎಂಬ ಸಂಶೋಧನಾ ಸಂಸ್ಥೆ 16 ಮಂದಿ ನುರಿತ ಪ್ರೋಗ್ರಾಮರುಗಳಿಗೆ, ಅವರು ವರ್ಷಗಟ್ಟಲೆ ಪಳಗಿದ ಯೋಜನೆಗಳಲ್ಲಿಯೇ, 246 ಕೆಲಸಗಳನ್ನು ಒಪ್ಪಿಸಿತು. ಕೆಲವಕ್ಕೆ ಯಂತ್ರದ ನೆರವುಂಟು, ಕೆಲವಕ್ಕಿಲ್ಲ. ನೆರವಿನಿಂದ ಶೇಕಡ 24ರಷ್ಟು ವೇಳೆ ಉಳಿಯುವುದೆಂದು ಅವರು ಮೊದಲು ಎಣಿಸಿದ್ದರು. ಗಡಿಯಾರ ಹೇಳಿದ್ದೇ ಬೇರೆ: ಶೇಕಡ 19ರಷ್ಟು ಹೆಚ್ಚು ವೇಳೆ ಹಿಡಿದಿತ್ತು! ಸೋಜಿಗವೆಂದರೆ, ಎಲ್ಲ ಮುಗಿದ ಮೇಲೂ ಶೇಕಡ 20ರಷ್ಟು ಉಳಿಯಿತೆಂದೇ ಅವರ ನಂಬಿಕೆ. ಯಂತ್ರ ಬರೆದುದರಲ್ಲಿ ಅರ್ಧಕ್ಕಿಂತ ಕಡಮೆ ಭಾಗವನ್ನೇ ಅವರು ಅಂಗೀಕರಿಸಿದ್ದರು. ಓದುವುದನ್ನಂತೂ ಎಲ್ಲವನ್ನೂ ಓದಬೇಕಾಗಿತ್ತು. ಪರೀಕ್ಷೆ ಚಿಕ್ಕದು, ಉಪಕರಣಗಳೂ ಅನಂತರ ಸುಧಾರಿಸಿವೆ, ನಿಜ. ಹೊಸದಾಗಿ ಮಾಡುವ ಚಿಕ್ಕ ಕೆಲಸವೊಂದರಲ್ಲಿ ಯಂತ್ರದ ನೆರವು ಪಡೆದವರು ಅರ್ಧಕ್ಕೂ ಕಡಮೆ ವೇಳೆಯಲ್ಲಿ ಮುಗಿಸಿದುದನ್ನು 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ತೋರಿಸಿದೆ.

ಓಲೆಗರಿಗಳನ್ನು ಪರಿಷ್ಕರಿಸಿದ ವಿದ್ವಾಂಸರಿಗೆ ಇದು ಪರಿಚಿತ ಸಂಕಟ. ಅರ್ಥವರಿಯದ ಲಿಪಿಕಾರನ ತಪ್ಪು ಕಣ್ಣಿಗೆ ರಾಚುತ್ತದೆ. ಜಾಣ ಲಿಪಿಕಾರನದು ಸರಿಯಾದ ಪಾಠದಂತೆಯೇ ಕಂಡು ಮೋಸಗೊಳಿಸುತ್ತದೆ. ಯಂತ್ರ ಜಾಣ ಲಿಪಿಕಾರ. ಬ್ಯಾಂಕಿನ ಬಡ್ಡಿಯ ಲೆಕ್ಕದಲ್ಲಿಯೋ ರೈಲಿನ ಟಿಕೆಟ್ಟಿನಲ್ಲಿಯೋ ಅಂಥ ತಪ್ಪು ನುಸುಳಿದರೆ ಉತ್ತರ ಹೇಳಬೇಕಾದವನು ಮನುಷ್ಯನೇ. ಆದುದರಿಂದ ದಿನಗಳ ಲೆಕ್ಕ ಹಾಕುವ ಯೋಜನಾಧಿಕಾರಿ ಬರೆವಣಿಗೆಯಲ್ಲಿ ಉಳಿದ ದಿನಗಳನ್ನು ಪರಿಶೀಲನೆಗೆ ಕೂಡಿಸಬೇಕು.

ಬೆಂಗಳೂರಿನ ಮನೆಮನೆಗೂ ಸಂಬಂಧಿಸಿದ ವಿಷಯ ಇನ್ನೊಂದುಂಟು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಇದುವರೆಗೆ ಸಣ್ಣಪುಟ್ಟ ಪ್ರೋಗ್ರಾಮು ಬರೆದು, ಹಿರಿಯರಿಂದ ತಿದ್ದಿಸಿಕೊಂಡು, ಒಮ್ಮೊಮ್ಮೆ ಬೈಸಿಕೊಂಡು ಕಲಿತರು. ತಪ್ಪು ಎಲ್ಲಿ ಅಡಗಿರಬಹುದೆಂದು ಊಹಿಸುವ ಕಣ್ಣು ಅವರಿಗೆ ಬಂದುದು ಹಾಗೆ. ಆ ಸಣ್ಣ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಿ ಹೊಸಬರ ನೇಮಕವನ್ನು ತಗ್ಗಿಸುವ ಸಂಸ್ಥೆ, ಹತ್ತು ವರ್ಷಗಳ ಅನಂತರ ಯಂತ್ರದ ಬರೆವಣಿಗೆಯನ್ನು ತಿದ್ದಬಲ್ಲ ಹಿರಿಯರನ್ನು ಬೇರೆಡೆ ಅರಸಬೇಕಾದೀತು.