ಚಂಡಮಾರುತದ ನಂತರ ವ್ಯಾಪಾರದ ಪುನಶ್ಚೇತನ: ಕಲಾಸಿಪಾಳ್ಯದ ವರ್ತಕರು ಅರಿತಿರಬೇಕಾದ ಲೆಕ್ಕಾಚಾರ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೂ ಚಂಡಮಾರುತಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ಕರಾವಳಿಯ ಬಿರುಗಾಳಿಯು ಕಲಾಸಿಪಾಳ್ಯದ ಮಳಿಗೆಗಳ ಛಾವಣಿಯನ್ನು ಹಾರಿಸುವುದಿಲ್ಲ, ನಿಜ. ಆದರೆ ಇಲ್ಲಿನ ಲಾರಿ ಕಚೇರಿಗಳಿಂದ ಹೊರಡುವ ಯಂತ್ರೋಪಕರಣ, ಹಾರ್ಡ್‌ವೇರ್, ವಾಹನಗಳ ಬಿಡಿಭಾಗಗಳು ತಮಿಳುನಾಡು, ಆಂಧ್ರಪ್ರದೇಶ ಹಾಗೂ ಕರಾವಳಿ ಕರ್ನಾಟಕದ ಅಂಗಡಿಗಳನ್ನು ಸೇರುತ್ತವೆ. ಆ ಅಂಗಡಿಗಳಲ್ಲಿ ಇಲ್ಲಿನ ವರ್ತಕರ ಉದ್ರಿ ಬಾಕಿಯೂ ಇರುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬಂತೆ, ಚಂಡಮಾರುತ ಕಳೆದ ನಂತರವೂ ತಿಂಗಳುಗಟ್ಟಲೆ ಅದರ ಹೊರೆ ಲೆಕ್ಕಪುಸ್ತಕಗಳಲ್ಲಿ ಉಳಿಯುತ್ತದೆ.

2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತವು ಗುಜರಾತಿನ ತೀರವನ್ನು ಅಪ್ಪಳಿಸುವ ಮುನ್ನ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಕಡಲ್ಕೊರೆತವನ್ನೂ ಆಸ್ತಿಹಾನಿಯನ್ನೂ ಉಂಟುಮಾಡಿತು. ಆಗ ಕೋವಿಡ್ ನಿರ್ಬಂಧಗಳೂ ಜಾರಿಯಲ್ಲಿದ್ದುದರಿಂದ ವ್ಯಾಪಾರಸ್ಥರಿಗೆ ಎರಡು ಕಡೆಯಿಂದಲೂ ಪೆಟ್ಟು ಬಿದ್ದಿತು. 2023ರ ಡಿಸೆಂಬರಿನಲ್ಲಿ ‘ಮಿಚಾಂಗ್’ ಚಂಡಮಾರುತದ ಮಳೆಗೆ ಚೆನ್ನೈನ ಅಂಬತ್ತೂರು ಕೈಗಾರಿಕಾ ಪ್ರದೇಶ ಜಲಾವೃತವಾಯಿತು. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಸಮೀಪ ನೆಲವನ್ನು ಹಾಯ್ದ ‘ಫೆಂಗಲ್’ ಚಂಡಮಾರುತವಂತೂ ಒಳನಾಡನ್ನೂ ಬಿಡಲಿಲ್ಲ. ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ ಸುರಿದು, ನಿಲ್ಲಿಸಿದ್ದ ವಾಹನಗಳೇ ಕೊಚ್ಚಿಹೋದವು. ಊತಂಗರೈ ಇರುವುದು ಬೆಂಗಳೂರಿನಿಂದ ತಿರುವಣ್ಣಾಮಲೈ ಮೂಲಕ ಪುದುಚೇರಿಗೆ ಸಾಗುವ ಹೆದ್ದಾರಿಯಲ್ಲಿ. ಹೀಗಾಗಿ ಕಡಲಿನಿಂದ ದೂರವಿರುವುದೇ ರಕ್ಷಣೆ ಎಂಬ ಭಾವನೆ ಸರಿಯಲ್ಲ.

ದಾರಿಯಲ್ಲಿದ್ದ ಸರಕು ಯಾರದು?

ನಷ್ಟದ ನಂತರ ಮೊದಲು ಏಳುವ ಪ್ರಶ್ನೆ ಇದು. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಸರಕಿನ ಒಡೆತನ ಯಾರದೋ ಅದರ ಅಪಾಯವೂ ಅವರದೇ. ಖರೀದಿದಾರನಿಗೆ ತಲುಪಿಸಲೆಂದು ಮಾರಾಟಗಾರನು ಯಾವುದೇ ಹಕ್ಕನ್ನು ಕಾಯ್ದಿರಿಸಿಕೊಳ್ಳದೆ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದಾಗ ಸಾಮಾನ್ಯವಾಗಿ ಒಡೆತನವು ಖರೀದಿದಾರನಿಗೆ ವರ್ಗವಾಗುತ್ತದೆ. ‘ಸರಕು ಅಂಗಡಿಗೆ ಮುಟ್ಟಿದ ಮೇಲೆ ಹಣ’ ಎಂಬ ಬಾಯಿಮಾತಿನ ಕರಾರು ಇದ್ದಲ್ಲಿ ಮಾತ್ರ ವಿವಾದ ತಪ್ಪಿದ್ದಲ್ಲ. ಆದಕಾರಣ ಅಪಾಯ ಯಾವ ಹಂತದಲ್ಲಿ ಯಾರಿಗೆ ವರ್ಗವಾಗುತ್ತದೆ ಎಂಬುದನ್ನು ಬಿಲ್ಲಿನಲ್ಲಿಯೂ ಆರ್ಡರಿನಲ್ಲಿಯೂ ಒಂದು ಸಾಲಿನಲ್ಲಿ ಬರೆದಿಡುವುದು ಒಳಿತು.

ಸಾಗಣೆದಾರನ ಹೊಣೆ

2007ರ ರಸ್ತೆ ಮೂಲಕ ಸಾಗಣೆ ಅಧಿನಿಯಮದಂತೆ ಸರಕಿನ ನಷ್ಟಕ್ಕೆ ಸಾಗಣೆದಾರನೇ ಹೊಣೆ. ಆದರೆ ದೈವಕೃತ ಘಟನೆಗಳಿಗೆ ವಿನಾಯಿತಿ ಇದೆ. ಈ ವಿನಾಯಿತಿಗೂ ಒಂದು ಷರತ್ತುಂಟು. ಸೂಕ್ತ ಎಚ್ಚರಿಕೆ ವಹಿಸಿದ್ದರೆ ನಷ್ಟವನ್ನು ತಪ್ಪಿಸಬಹುದಾಗಿತ್ತು ಎಂದಾದಲ್ಲಿ ಸಾಗಣೆದಾರನು ಹೊಣೆಯಿಂದ ಮುಕ್ತನಾಗುವುದಿಲ್ಲ. ಹವಾಮಾನ ಇಲಾಖೆಯು ದಿನಗಳ ಮುಂಚೆಯೇ ಮುನ್ಸೂಚನೆ ನೀಡುವ ಈ ಕಾಲದಲ್ಲಿ, ಎಚ್ಚರಿಕೆ ಪ್ರಕಟವಾದ ಮೇಲೂ ಲಾರಿಯನ್ನು ಕಳುಹಿಸಲಾಯಿತೇ, ಟಾರ್ಪಾಲು ಹೊದಿಸಲಾಗಿತ್ತೇ ಎಂಬ ವಿಚಾರಗಳಿಗೆ ಮಹತ್ವವಿದೆ.

ಇಲ್ಲಿ ಎರಡು ಅಂಶಗಳನ್ನು ಮರೆಯಬಾರದು. ಮೊದಲನೆಯದಾಗಿ, ಸರಕಿನ ಮೌಲ್ಯವನ್ನು ಹೆಚ್ಚಿನ ದರದ ಮೇಲೆ ಮುಂಚಿತವಾಗಿ ಘೋಷಿಸದಿದ್ದಲ್ಲಿ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತುಪಟ್ಟಿಗೆ ಸೀಮಿತವಾಗುತ್ತದೆ. 2,000 ರೂಪಾಯಿ ಬಾಡಿಗೆಯ ಮೇಲೆ 2 ಲಕ್ಷ ರೂಪಾಯಿಯ ಬಿಡಿಭಾಗಗಳನ್ನು ಕಳುಹಿಸಿದವರಿಗೆ ದೊರೆಯಬಹುದಾದ ಗರಿಷ್ಠ ಪರಿಹಾರ 20,000 ರೂಪಾಯಿ ಮಾತ್ರ. ಎರಡನೆಯದಾಗಿ, ದಾವೆ ಹೂಡುವ ಮೊದಲು ಸರಕು ಬುಕ್ ಮಾಡಿದ ದಿನಾಂಕದಿಂದ 180 ದಿನಗಳೊಳಗೆ ಲಿಖಿತ ನೋಟಿಸನ್ನು ನೀಡಿರಬೇಕು. ‘ನೋಡೋಣ, ಮಾಡೋಣ’ ಎಂಬ ಸಮಾಧಾನದ ಮಾತುಗಳಲ್ಲಿ ಆರು ತಿಂಗಳು ಕಳೆದುಹೋಗುವುದು ಕಷ್ಟವಲ್ಲ.

ಲಾರಿ ದಾರಿಯಲ್ಲಿ ಸಿಲುಕಿದ್ದರೆ ಇ-ವೇ ಬಿಲ್ಲಿನ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯವರೆಗೆ ಅದನ್ನು ವಿಸ್ತರಿಸಿಕೊಳ್ಳಲು ಅವಕಾಶವಿದೆ. ನೈಸರ್ಗಿಕ ವಿಕೋಪವು ಅದಕ್ಕೆ ಅಂಗೀಕೃತ ಕಾರಣಗಳಲ್ಲೊಂದು.

ವಿಮೆ: ಅರ್ಧ ವಿಮೆಗೆ ಅರ್ಧ ಪರಿಹಾರ

ದಾಸ್ತಾನಿನ ವಿಮೆಯು ಗೋದಾಮಿನಲ್ಲಿರುವ ಸರಕಿಗೆ. ಲಾರಿಯಲ್ಲಿರುವ ಸರಕಿಗೆ ಪ್ರತ್ಯೇಕ ಸಾಗಣೆ ವಿಮೆ ಬೇಕು. ಸಾಗಣೆ ವಿಮೆಯಲ್ಲಿಯೂ ಬಹುತೇಕ ಎಲ್ಲ ಅಪಾಯಗಳನ್ನು ಒಳಗೊಂಡ ಬಗೆ ಒಂದು, ಹೆಸರಿಸಿದ ಅಪಾಯಗಳಿಗಷ್ಟೇ ಸೀಮಿತವಾದ ಬಗೆ ಇನ್ನೊಂದು. ಕಡಿಮೆ ಕಂತಿನ ಎರಡನೆಯ ಬಗೆಯನ್ನು ಆರಿಸಿಕೊಂಡವರು ಅದರಲ್ಲಿ ಪ್ರವಾಹದ ಹೆಸರು ಇದೆಯೇ ಎಂದು ಓದಿ ನೋಡಬೇಕು.

ಸ್ಥಿರ ಸ್ಥಳದ ವಿಮೆಯಲ್ಲಿ ‘ಸರಾಸರಿ ನಿಯಮ’ವು ಅನೇಕರನ್ನು ನಿರಾಶೆಗೊಳಿಸುತ್ತದೆ. ಗೋದಾಮಿನಲ್ಲಿ 50 ಲಕ್ಷ ರೂಪಾಯಿಯ ದಾಸ್ತಾನಿದ್ದು, 30 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 10 ಲಕ್ಷದ ನಷ್ಟಕ್ಕೆ ದೊರೆಯುವುದು 6 ಲಕ್ಷ ಮಾತ್ರ. ನಷ್ಟವು ವಿಮಾ ಮೊತ್ತದ ಒಳಗೇ ಇದೆ ಎಂಬ ವಾದ ನಿಲ್ಲುವುದಿಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯು ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಹೊಂದಿರುವವರಿಗಾಗಿ ಇದೆ. ಇದರಲ್ಲಿ ಚಂಡಮಾರುತ ಹಾಗೂ ಪ್ರವಾಹ ಎರಡೂ ಸೇರಿದ್ದು, ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಕೊರತೆ ಶೇಕಡಾ 40 ಆಗಿರುವುದರಿಂದ ಈ ರಿಯಾಯಿತಿ ನೆರವಿಗೆ ಬರುವುದಿಲ್ಲ. ನೆಲಮಾಳಿಗೆಯಲ್ಲಿ ದಾಸ್ತಾನು ಇಡುವವರು ಆ ಸಂಗತಿಯನ್ನು ಪ್ರಸ್ತಾವನೆಯಲ್ಲಿಯೇ ತಿಳಿಸಿರಬೇಕು.

ನಷ್ಟವಾದ ಕೂಡಲೇ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಸರ್ವೇಯರ್ ಬರುವ ಮುನ್ನ ಕೆಟ್ಟ ಸರಕನ್ನು ಎಸೆಯಬಾರದು. ದಿನಾಂಕ ಸಹಿತ ಛಾಯಾಚಿತ್ರಗಳನ್ನು ತೆಗೆದಿಡಬೇಕು. ಒಣಗಿದ ಸರಕನ್ನು ಬೇರ್ಪಡಿಸಿ ಉಳಿಸಿಕೊಳ್ಳುವುದೂ ವಿಮೆದಾರನ ಕರ್ತವ್ಯವೇ ಆಗಿದೆ.

ತೆರಿಗೆಯ ಹೊರೆ

ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆಯನ್ನು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)(ಎಚ್) ಕಲಮಿನಂತೆ ಹಿಂತಿರುಗಿಸಬೇಕು. ಶೇಕಡಾ 18ರ ದರದ 10 ಲಕ್ಷ ರೂಪಾಯಿಯ ಸರಕು ಹಾಳಾದರೆ 1.80 ಲಕ್ಷ ರೂಪಾಯಿ ಹೆಚ್ಚುವರಿ ಹೊರೆ ಎಂದರ್ಥ. ವಿಮಾ ಮೊತ್ತವನ್ನು ತೆರಿಗೆ ರಹಿತ ಬೆಲೆಯ ಮೇಲೆ ನಿಗದಿಪಡಿಸಿದ್ದರೆ ಈ ಹೊರೆ ವರ್ತಕನ ಮೇಲೆಯೇ ಬೀಳುತ್ತದೆ. ಪಾಲಿಸಿ ಪಡೆಯುವಾಗಲೇ ಈ ವಿಷಯವನ್ನು ಲಿಖಿತವಾಗಿ ಸ್ಪಷ್ಟಪಡಿಸಿಕೊಳ್ಳಬೇಕು. ನಾಶವಾದ ಸರಕಿನ ವಿವರವನ್ನು ದಾಸ್ತಾನು ಪುಸ್ತಕದಲ್ಲಿ ಪ್ರತ್ಯೇಕವಾಗಿ ದಾಖಲಿಸುವುದು ನಿಯಮ 56ರಂತೆ ಕಡ್ಡಾಯ.

ಆದಾಯ ತೆರಿಗೆಯಲ್ಲಿ ದಾಸ್ತಾನಿನ ನಷ್ಟವು ವ್ಯಾಪಾರದ ನಷ್ಟ. ಅದಕ್ಕೆ ಬಂದ ವಿಮಾ ಹಣವು ವ್ಯಾಪಾರದ ಆದಾಯ. ಸವಕಳಿ ಪಡೆಯುವ ಯಂತ್ರ ನಾಶವಾದರೆ ಅದಕ್ಕೆ ಬಂದ ವಿಮಾ ಹಣವನ್ನು ಆ ಆಸ್ತಿವರ್ಗದ ಮೌಲ್ಯದಿಂದ ಕಳೆಯಬೇಕಾಗುತ್ತದೆ. ಎರಡನ್ನೂ ಒಂದೇ ಖಾತೆಗೆ ಜಮೆ ಮಾಡುವುದು ಮುಂದೆ ತೊಡಕಿಗೆ ಕಾರಣವಾಗುತ್ತದೆ.

ಬಾಕಿ ವಸೂಲಿ ಮತ್ತು ಬ್ಯಾಂಕು

ವಿಕೋಪ ಘೋಷಿತ ಪ್ರದೇಶದ ಸಾಲಗಾರರಿಗೆ ಸಾಲದ ಅವಧಿ ವಿಸ್ತರಣೆ ಮೊದಲಾದ ಸೌಲಭ್ಯಗಳನ್ನು ನೀಡಲು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಅವಕಾಶ ಕಲ್ಪಿಸುತ್ತವೆ. ಪುದುಚೇರಿಯ ಅಥವಾ ಉಡುಪಿಯ ಅಂಗಡಿಯವನಿಗೆ ಇದು ದೊರೆಯಬಹುದು. ಅವನಿಗೆ ಉದ್ರಿ ಕೊಟ್ಟ ಕಲಾಸಿಪಾಳ್ಯದ ವರ್ತಕನ ಅಂಗಡಿ ಆ ಪ್ರದೇಶದಲ್ಲಿಲ್ಲ. ಅವನ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ನಗರದ ಸಣ್ಣ ವರ್ತಕನಿಗೆ ಚಂಡಮಾರುತವು ನಿಜವಾಗಿ ತಾಗುವುದು ಇಲ್ಲಿಯೇ.

ವಸೂಲಾಗದ ಬಾಕಿಯನ್ನು ಪುಸ್ತಕದಲ್ಲಿ ವಜಾ ಮಾಡಿದರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಆದರೆ ಆ ಮಾರಾಟದ ಮೇಲೆ ಕಟ್ಟಿದ ಸರಕು ಮತ್ತು ಸೇವಾ ತೆರಿಗೆ ಮರಳಿ ಬರುವುದಿಲ್ಲ. ಅತ್ತ ಖರೀದಿದಾರನೂ 180 ದಿನಗಳೊಳಗೆ ಹಣ ಕೊಡದಿದ್ದರೆ ತಾನು ಪಡೆದ ಹೂಡುವಳಿ ತೆರಿಗೆಯನ್ನು ಹಿಂತಿರುಗಿಸಬೇಕು. ಹಣ ಕೊಟ್ಟ ಮೇಲೆ ಅದನ್ನು ಪುನಃ ಪಡೆಯಬಹುದು. ಇದನ್ನು ತಿಳಿಸಿ ಹೇಳಿದಾಗ ಬಾಕಿಯ ಬಗ್ಗೆ ಮಾತುಕತೆ ಸುಲಭವಾಗುತ್ತದೆ.

ಪುನರ್ನಿರ್ಮಾಣದ ದಿನಗಳಲ್ಲಿ ಛಾವಣಿ ಹಾಳೆ, ಪಂಪು, ತಂತಿ, ಬೋಲ್ಟುಗಳಿಗೆ ಬೇಡಿಕೆ ಹೆಚ್ಚುತ್ತದೆ. ಹಳೆಯ ಬಾಕಿದಾರನೇ ಹೊಸ ಆರ್ಡರನ್ನೂ ಕೊಡುತ್ತಾನೆ. ಅವನನ್ನು ಕೈಬಿಟ್ಟರೆ ಹಳೆಯ ಬಾಕಿಯೂ ಹೋಗುತ್ತದೆ. ಮಿತಿಯಿಲ್ಲದೆ ಕೊಟ್ಟರೆ ಹೊಸ ಬಂಡವಾಳವೂ ಸಿಲುಕುತ್ತದೆ. ಹಳೆಯ ಬಾಕಿಗೆ ಸಹಿ ಸಹಿತ ದೃಢೀಕರಣ ಪತ್ರವನ್ನೂ ಸಣ್ಣ ಕಂತುಗಳ ಒಪ್ಪಂದವನ್ನೂ ಪಡೆದು, ಹೊಸ ಸರಕನ್ನು ನಗದಿಗೆ ಅಥವಾ ಅಲ್ಪಾವಧಿಯ ಉದ್ರಿಗೆ ಪ್ರತ್ಯೇಕ ಖಾತೆಯಲ್ಲಿ ಕೊಡುವುದು ಮಧ್ಯಮ ಮಾರ್ಗ.

ಬಂಗಾಳಕೊಲ್ಲಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚಂಡಮಾರುತಗಳ ಮುಖ್ಯ ಋತು. ಸೆಪ್ಟೆಂಬರ್ ಮುಗಿಯುವ ಮುನ್ನ ವಿಮಾ ಮೊತ್ತವನ್ನು ದಾಸ್ತಾನಿನೊಂದಿಗೆ ತಾಳೆ ನೋಡುವುದು, ಕರಾವಳಿಯ ಗ್ರಾಹಕರ ಬಾಕಿಯ ಪಟ್ಟಿಯನ್ನು ಸಿದ್ಧಪಡಿಸುವುದು, ಲೆಕ್ಕಪತ್ರಗಳ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇರಿಸುವುದು ಇವು ಒಂದು ದಿನದ ಕೆಲಸಗಳು. ಇವನ್ನು ಮಾಡಿಟ್ಟುಕೊಂಡ ವರ್ತಕನು ತನ್ನ ನಷ್ಟವನ್ನು ಕಾಗದದ ಮೇಲೆ ತೋರಿಸಬಲ್ಲನು. ಹಾಗೆ ತೋರಿಸಬಲ್ಲವನಿಗೇ ವಿಮಾ ಕಂಪನಿಯಿಂದಲೂ ಬ್ಯಾಂಕಿನಿಂದಲೂ ನೆರವು ದೊರೆಯುವುದು.